ಅಕ್ಕನ ತಾರೀಖು

ತಮಿಳುನಾಡಿಗೆ ಸೇರಿದ ತಾಳವಾಡಿಯ ನಮ್ಮ ಶಾಲೆಯಲ್ಲಿ ಬ್ಯಾಸ್ಕೆಟ್‌ಬಾಲ್ ಅಂಕಣ ಪೂರ್ತಿಯಾಗಿಯೇ ಇತ್ತು. ನಾವು ಆಡಿದ್ದು ಮಾತ್ರ ಅದರ ಅರ್ಧದಲ್ಲಿ. ರಾಗಿ ಬಡಿದು ಮುಗಿದ ಮೇಲೆ ಹತ್ತಿರದ ಹೊಲದವರು ಆ ಸಿಮೆಂಟು ನೆಲದ ಮೇಲೆ ರಾಗಿ ಹರಡುತ್ತಿದ್ದರು. ರಾಗಿ ಮುಗಿದರೆ ಹುರುಳಿ, ಹುರುಳಿ ಮುಗಿದರೆ ಮೆಣಸಿನಕಾಯಿ. ಸತ್ಯಮಂಗಲದ ಕಡೆಯಿಂದ ಬಂದಿದ್ದ ಪಿ.ಟಿ. ಸಾರ್ ಮೊದಲ ವರ್ಷ ಜಗಳವಾಡಿದರು, ಎರಡನೆಯ ವರ್ಷ ರಾಜಿಗೆ ಬಂದರು. ಗೇಟಿನ ಕಡೆಯ ಅರ್ಧ ರಾಗಿಗೆ, ಹುಣಸೆಮರದ ಕಡೆಯ ಅರ್ಧ ನಮಗೆ. ನಡುಗೆರೆಯ ಮೇಲೆ ಅವರೇ ಸುಣ್ಣ ಬಳಿದು ಅದನ್ನು ದಪ್ಪ ಮಾಡಿದರು. ಚೆಂಡು ಗೆರೆ ದಾಟಿದರೆ ರಾಗಿ ಕಾಯುತ್ತಿದ್ದ ಅಜ್ಜಿ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತುಬಿಡುತ್ತಿದ್ದಳು.

“ಬಾರಮ್ಮಿ ಇಲ್ಲಿ. ಚೆಲ್ಲಿರೋ ಕಾಳ್ನೆಲ್ಲ ಆಯ್ದಾಕು, ಆಮೇಲೆ ಚೆಂಡು ಕೊಟ್ಟೇನು.”

ಆಯ್ದು ಹಾಕಿ ಹಾಕಿ, ಗೆರೆ ಕಂಡರೆ ತಾವಾಗಿಯೇ ನಿಲ್ಲುವುದನ್ನು ನಮ್ಮ ಕಾಲುಗಳು ಕಲಿತವು.

ಎಂಟನೆಯ ತರಗತಿಗೆ ಬರುವಷ್ಟರಲ್ಲಿ ನಾನು ಪಿ.ಟಿ. ಸಾರ್‌ಗಿಂತ ಎತ್ತರವಾಗಿದ್ದೆ. ನಮ್ಮ ಮನೆ ಜೀರಹಳ್ಳಿಯ ಹತ್ತಿರದ ಒಂದು ಸಣ್ಣ ಊರಿನಲ್ಲಿ. ಬೆಳಿಗ್ಗೆ ಬಸ್ಸಿಗೆ ಕಾಯುವಾಗ ಹುಡುಗರು ನನ್ನನ್ನು ಮುಂದಕ್ಕೆ ತಳ್ಳುತ್ತಿದ್ದರು. “ಮ್ಯಾಲಿಂದ ಒಸಿ ನೋಡಮ್ಮಿ, ಬಸ್ಸು ತಿರುವ್ನಲ್ಲಿ ಕಾಣ್ತದಾ?” ಬಸ್ಸು ನಿಜವಾಗಿಯೂ ನನಗೇ ಮೊದಲು ಕಾಣುತ್ತಿತ್ತು. ಅಪ್ಪ, ಅವ್ವ ಇಬ್ಬರೂ ಬೇರೆಯವರ ಹೊಲದಲ್ಲಿ ಕೂಲಿ ಮಾಡುತ್ತಿದ್ದರು, ಎಲೆಕೋಸು, ಬೆಳ್ಳುಳ್ಳಿ, ಕಾಲಕ್ಕೆ ತಕ್ಕಂತೆ. ಆಟವೆಂದರೆ ಅವರಿಗೆ ನಾನು ಸಂಜೆಯ ಬಸ್ಸಿಗೆ ತಡವಾಗಿ ಬರುವುದಕ್ಕೆ ಇದ್ದ ಒಂದು ಕಾರಣ, ಅಷ್ಟೇ.

ಆ ವರ್ಷ ಫೆಬ್ರವರಿಯಲ್ಲಿ ಈರೋಡಿನಲ್ಲಿ ಕ್ರೀಡಾ ಹಾಸ್ಟೆಲಿಗೆ ಹುಡುಗಿಯರ ಆಯ್ಕೆ ಇತ್ತು. ಸೇರುವವರಿಗೆ ಹದಿನಾಲ್ಕು ತುಂಬಿರಬಾರದು. ನನ್ನ ಶಾಲೆಯ ದಾಖಲೆಯ ಪ್ರಕಾರ ಹದಿನಾಲ್ಕು ತುಂಬಿ ಎರಡು ತಿಂಗಳಾಗಿತ್ತು. “ಎರಡು ತಿಂಗಳು ತಾನೇ, ಎತ್ತರ ನೋಡಿದರೆ ಬಿಡುತ್ತಾರೆ,” ಎಂದು ಸಾರ್ ನನ್ನನ್ನು ಮೊದಲ ಬಸ್ಸಿಗೆ ಕರೆದುಕೊಂಡು ಹೋದರು. ಘಾಟಿಯ ತಿರುವುಗಳಲ್ಲಿ ಅವರು ನಿಂಬೆಹಣ್ಣು ಮೂಸುತ್ತ ಕಣ್ಣು ಮುಚ್ಚಿ ಕೂತರು. ನಾನು ಕಿಟಕಿಯಿಂದ ತಿರುವು ಎಣಿಸಿದೆ.

ಅಲ್ಲಿ ನಾನು ಮೊದಲ ಸಲ ಪೂರ್ತಿ ಅಂಕಣದಲ್ಲಿ ಆಡಿದೆ. ರಿಂಗಿಗೆ ಬಡಿದು ಮರಳಿದ ಚೆಂಡನ್ನು ಎಲ್ಲರಿಗಿಂತ ಮೇಲೆ ಕೈ ಚಾಚಿ ಹಿಡಿದೆ, ಓಡಿದೆ, ನಡುಗೆರೆಯ ಹತ್ತಿರ ನಿಂತುಬಿಟ್ಟೆ. ಎರಡನೆಯ ಸಲವೂ ಹಾಗೆಯೇ ಆಯಿತು. ಹುಡುಗಿಯರು ಕೈ ತಟ್ಟಿ ನಕ್ಕರು. ಕೊರಳಲ್ಲಿ ಸೀಟಿ ಹಾಕಿಕೊಂಡಿದ್ದ ಕೋಚ್ ಆಟ ನಿಲ್ಲಿಸಿ, ಏಕೆ ನಿಲ್ಲುತ್ತಿ ಎಂದು ತಮಿಳಿನಲ್ಲಿ ಕೇಳಿದರು. ಅವರು ನಡುವಯಸ್ಸಿನ ಹೆಂಗಸು, ಒಮ್ಮೆ ರಾಜ್ಯದ ತಂಡದಲ್ಲಿ ಆಡಿದವರು. ಪಿ.ಟಿ. ಸಾರ್ ದೂರದಿಂದಲೇ, “ಆ ಕಡೆ ರಾಗಿ ಇರುತ್ತದೆ, ಮೇಡಂ,” ಎಂದರು. ಕೋಚ್ ನಗಲಿಲ್ಲ. ಕೈಯಲ್ಲಿದ್ದ ಹಾಳೆಯಲ್ಲಿ ಏನೋ ಬರೆದುಕೊಂಡು, “ಇಲ್ಲಿ ರಾಗಿ ಇಲ್ಲ, ಓಡು,” ಎಂದರು. ಓಡಿದೆ.

ಮಧ್ಯಾಹ್ನ, ಆಯ್ಕೆಯಲ್ಲಿ ಉಳಿದ ಎಂಟು ಹುಡುಗಿಯರನ್ನು ಎಡ ಮಣಿಕಟ್ಟಿನ ಎಕ್ಸ್-ರೇ ತೆಗೆಸಲು ಕರೆದುಕೊಂಡು ಹೋದರು. ಮಣಿಕಟ್ಟಿನ ಎಲುಬುಗಳು ಎಷ್ಟು ಕೂಡಿಕೊಂಡಿವೆ ಎಂದು ನೋಡಿ ವಯಸ್ಸು ಹೇಳುತ್ತಾರಂತೆ. ವಯಸ್ಸಿನ ಮಿತಿ ಇರುವ ಆಟಗಳಲ್ಲಿ ಕಾಗದದ ಮೇಲೆ ಮಕ್ಕಳನ್ನು ಚಿಕ್ಕವರನ್ನಾಗಿ ಮಾಡಿ ತರುವವರು ಬಹಳ, ಅದಕ್ಕಾಗಿ ಈ ಪರೀಕ್ಷೆ. ಸಂಜೆ ಕೋಚ್ ನನ್ನನ್ನೂ ಸಾರನ್ನೂ ಪಕ್ಕಕ್ಕೆ ಕರೆದರು.

“ಎಲ್ಲರೂ ಕಾಗದ ಚಿಕ್ಕದು, ಎಲುಬು ದೊಡ್ಡದು ತರುತ್ತಾರೆ. ಕಾಗದ ದೊಡ್ಡದು, ಎಲುಬು ಚಿಕ್ಕದು ತಂದವಳು ನೀನೊಬ್ಬಳೇ. ಈ ಕೈಗೆ ಹದಿನಾಲ್ಕಾಗಿಲ್ಲ. ಹನ್ನೆರಡು, ಹೆಚ್ಚೆಂದರೆ ಹನ್ನೆರಡೂವರೆ.”

ಹದಿನಾಲ್ಕರಲ್ಲಿ ಈ ಎತ್ತರವಾದರೆ ಬೆಳೆಯುವುದು ಹೆಚ್ಚುಕಡಿಮೆ ಮುಗಿದಂತೆ, ಹನ್ನೆರಡರಲ್ಲಿ ಇಷ್ಟಿದ್ದರೆ ಬೇರೆಯೇ ಮಾತು ಎಂದು ಅವರು ವಿವರಿಸಿದರು. ಹಾಸ್ಟೆಲು, ಆಮೇಲೆ ಹದಿನಾರರೊಳಗಿನವರ ರಾಜ್ಯ ತಂಡ, ಹದಿನೆಂಟು ತುಂಬಿದರೆ ರೈಲ್ವೆ, ಪೊಲೀಸ್, ಬ್ಯಾಂಕು, ಇಲ್ಲವೇ ಸಂಬಳ ಕೊಟ್ಟು ಆಡಿಸುವ ಕ್ಲಬ್ಬು. ಈ ದಾರಿಯನ್ನು ಅವರು ಬಸ್ಸಿನ ನಿಲ್ದಾಣಗಳನ್ನು ಹೇಳುವಂತೆ ಹೇಳಿದರು. ಆದರೆ ಎಕ್ಸ್-ರೇ ಒಬ್ಬರನ್ನು ಹೊರಗೆ ಹಾಕಬಲ್ಲದು, ಒಳಗೆ ತರಲಾರದು. ಒಳಗೆ ತರುವುದು ಕಾಗದವೇ. ಜೂನಿನಲ್ಲಿ ಹಾಸ್ಟೆಲು ತೆರೆಯುವವರೆಗೆ ಒಂದು ಜಾಗ ಹಿಡಿದಿಡುತ್ತೇನೆ, ಸರಿಯಾದ ಜನನ ಪತ್ರ ತನ್ನಿ ಎಂದರು. ಕೊನೆಗೆ ನನ್ನ ಕಡೆ ತಿರುಗಿ, “ಮನೆಗೆ ಹೋಗಿ ಅಮ್ಮನನ್ನು ಕೇಳು. ಅಮ್ಮನಿಗೆ ಗೊತ್ತಿರುತ್ತದೆ,” ಎಂದರು.

ಮರುದಿನ ಊರಿಗೆ ಬಂದಾಗ ಅವ್ವ ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಗೊಂಚಲು ಕಟ್ಟುತ್ತಿದ್ದಳು. ನಾನು ನಡೆದದ್ದನ್ನು ಹೇಳುತ್ತಿದ್ದಂತೆ ಅಪ್ಪ ಎದ್ದು, ಕಟ್ಟಿಯೇ ಇದ್ದ ಮೇಕೆಯನ್ನು ಕಟ್ಟಲು ಹೋದ. ಅವ್ವ ಕೈಯಲ್ಲಿದ್ದ ಗೊಂಚಲು ಮುಗಿಸಿದಳು.

“ಆ ತಾರೀಕು ನಿಂದಲ್ಲ ಕಣ್ ಮಗ,” ಎಂದಳು. “ನಿಮ್ಮಕ್ಕುಂದು.”

ನನಗೆ ಅಕ್ಕ ಇದ್ದಳೆಂದು ಯಾರೂ ಹೇಳಿರಲಿಲ್ಲ. ಅವಳು ಕೆಳಗಿನ ಊರಿನ ಆಸ್ಪತ್ರೆಯಲ್ಲಿ ಹುಟ್ಟಿದ್ದಳು. ಜನನ ಪತ್ರವನ್ನು ಅಲ್ಲೇ ಕೊಟ್ಟಿದ್ದರು. ಏಳು ತಿಂಗಳಿದ್ದು ಆಷಾಢದಲ್ಲಿ ಜ್ವರ ಬಂದು ಹೋದಳು. ಅವಳಿಗೆ ಇಟ್ಟಿದ್ದು ಅಪ್ಪನ ಸತ್ತುಹೋದ ಅಜ್ಜಿಯ ಹೆಸರು. ಅವಳು ಹುಟ್ಟಿ ಒಂದು ವರ್ಷ ಹತ್ತು ತಿಂಗಳಿಗೆ ನಾನು ಮನೆಯಲ್ಲೇ ಹುಟ್ಟಿದೆ. ಆ ಹೆಸರು ಮನೆ ಬಿಟ್ಟು ಹೋಗಬಾರದೆಂದು ಅಪ್ಪನ ತಾಯಿ ಅದನ್ನೇ ನನಗೂ ಇಟ್ಟಳು. ನಮ್ಮ ಕಡೆ ಇದು ಹೊಸದಲ್ಲ. ಸತ್ತ ಕೂಸಿನ ಹೆಸರು ಹೊತ್ತವರು ಪ್ರತಿ ಊರಿನಲ್ಲೂ ಒಬ್ಬಿಬ್ಬರು ಇರುತ್ತಾರೆ. ನನ್ನನ್ನು ಶಾಲೆಗೆ ಸೇರಿಸುವಾಗ ಮೇಷ್ಟ್ರು ಜನನ ಪತ್ರ ಕೇಳಿದರು. ಪೆಟ್ಟಿಗೆಯಲ್ಲಿ ಒಂದು ಪತ್ರವಿತ್ತು, ಅದರಲ್ಲಿ ಹೆಸರೂ ಇತ್ತು. ಎತ್ತರ ನೋಡಿ ಯಾರಿಗೂ ಅನುಮಾನ ಬರಲಿಲ್ಲ. ತಲೆಯ ಮೇಲಿಂದ ಕೈ ಹಾಕಿ ಆಚೆ ಕಿವಿ ಮುಟ್ಟು ಎಂದರಂತೆ. ಮುಟ್ಟಿದೆನಂತೆ.

“ನಿಂಗೆ ಆಗ್ಲೇ ಗೊತ್ತಿತ್ತಾ?” ಎಂದೆ.

“ಎತ್ತೋಳ್ಗೆ ಗೊತ್ತಿರಾಕಿಲ್ವಾ?” ಅವ್ವ ಇನ್ನೊಂದು ಗೊಂಚಲು ಎತ್ತಿಕೊಂಡಳು. ಬೆಳ್ಳುಳ್ಳಿಗೆ ಹೇಳುವಂತೆ, “ಆ ಕೂಸೂ ಇಸ್ಕೂಲ್ಗೆ ಓಗ್ಲಿ ಅನ್ನುಸ್ತು ಕಣ,” ಎಂದಳು.

ಆಗ ನನಗೆ ದುಃಖವಾಯಿತು ಎಂದು ಬರೆದರೆ ಅದು ಸುಳ್ಳಾಗುತ್ತದೆ. ನನಗೆ ಎರಡು ವರ್ಷ ಸಿಕ್ಕಿತ್ತು. ಹಿಂದಿನ ದಿನ ಹದಿನಾಲ್ಕು ದಾಟಿದ್ದವಳು ಈಗ ಹನ್ನೆರಡರವಳು. ಜೂನಿಗೆ ಇನ್ನೂ ನಾಲ್ಕು ತಿಂಗಳಿದೆ ಎಂದು ಎಣಿಸುತ್ತ ಮಲಗಿದೆ.

ನನ್ನ ತಾರೀಖು ಅವ್ವನ ನೆನಪಿನಲ್ಲಿ ಆಯುಧಪೂಜೆ ಕಳೆದ ಒಂಬತ್ತನೆಯ ದಿನವಾಗಿತ್ತು. ಊರಿನ ಹೆರಿಗೆಗಳನ್ನು ಬರೆದಿಡುತ್ತಿದ್ದ ನರ್ಸಮ್ಮನ ಹಳೆಯ ಪುಸ್ತಕದಲ್ಲಿ ಅದು ತಿಂಗಳು ಇಸವಿ ಸಮೇತ ಸಿಕ್ಕಿತು. ಪಿ.ಟಿ. ಸಾರ್ ಆ ಪುಟದ ನಕಲು ಮಾಡಿಸಿಕೊಂಡು, ಏಪ್ರಿಲಿನ ಒಂದು ಬೆಳಿಗ್ಗೆ ನನ್ನನ್ನೂ ಅವ್ವನನ್ನೂ ತಾಳವಾಡಿಯಲ್ಲಿ ಮನು ಬರೆಯುವವನ ಹತ್ತಿರ ಕರೆದುಕೊಂಡು ಹೋದರು. ನಮ್ಮಲ್ಲಿ ಅರ್ಜಿಗೆ ತಮಿಳಿನ ಮಾತೇ, ಮನು. ಕಚೇರಿಗಳು ತಮಿಳಿನವು, ಜನ ಕನ್ನಡದವರು. ನಡುವೆ ಮರದ ಕೆಳಗೆ ಮೇಜು ಹಾಕಿಕೊಂಡು ಇವನು ಕೂತಿರುತ್ತಿದ್ದ. ಜನ ಕನ್ನಡದಲ್ಲಿ ಹೇಳಿಕೊಂಡದ್ದನ್ನು ತಮಿಳಿನಲ್ಲಿ ಬರೆದು ಕೊಡುವುದು ಅವನ ಕೆಲಸ. ಹಿಂದೆ ಏಳೆಂಟು ಜನ ಸರದಿಯಲ್ಲಿದ್ದರು.

“ಮೊದಲ್ನೇ ಕೂಸು ಎಸ್ರೇನವ್ವ?”

ಅವ್ವ ಹೇಳಿದಳು.

“ಎರಡ್ನೇದು?”

ಅವ್ವ ಅದನ್ನೇ ಹೇಳಿದಳು.

“ಅದ್ನ ಬರ್ಕಂಡಿವ್ನಿ. ನಾ ಕೇಳ್ತಾ ಇರೋದು ಎರಡ್ನೇದ್ರದ್ದ.”

“ಎರಡ್ನೇದ್ಕೂ ಅದೇ ಸಾ.”

ಅವನು ಪೆನ್ನು ಕೆಳಗಿಟ್ಟ. “ಯಾಕವ್ವ, ನಿಮ್ಮೂರಲ್ಲಿ ಎಸ್ರಿಗೂ ಬರ ಬಂದಿತ್ತಾ?” ಸರದಿಯಲ್ಲಿದ್ದವರು ನಕ್ಕರು. ಹಿಂದಿನಿಂದ ಒಬ್ಬ ಮುದುಕ, “ನಮ್ಮನೇಲಿ ಮೂರ್ ಜನುಕ್ಕೆ ಒಂದೇ ಎಸ್ರು ಕಣ್ಲಾ. ಬರ್ಕೊಳ್ಳಾ ಸುಮ್ನೆ,” ಎಂದ. ಮತ್ತೆ ನಗು. ಅವ್ವನೂ ಸೆರಗಿನ ಮರೆಯಲ್ಲಿ ನಕ್ಕಳು.

ಮನು ಬರೆಯುವವನು ಒಳ್ಳೆಯವನೇ. ನಕಲು ಓದಿದ, ಹಳೆಯ ಪತ್ರ ಓದಿದ, ದನಿ ತಗ್ಗಿಸಿ ಸಾರ್‌ಗೆ ಎರಡು ದಾರಿ ಹೇಳಿದ. ಒಂದು, ಮೊದಲನೆಯ ಮಗು ಸತ್ತದ್ದನ್ನು ಬರೆಸುವುದು, ಆಮೇಲೆ ಎರಡನೆಯದು ಹುಟ್ಟಿದ್ದನ್ನು ಬರೆಸುವುದು. ಎರಡೂ ಹತ್ತು ವರ್ಷ ಮೀರಿದವು. ಊರಿನವರ ಹೇಳಿಕೆ, ವಿಚಾರಣೆ, ಮೇಲಿನ ಅಧಿಕಾರಿಯ ಆದೇಶ, ವರ್ಷಕ್ಕೆ ಕಡಿಮೆಯಿಲ್ಲ. ಇನ್ನೊಂದು ಸುಲಭ. ಇರುವುದು ಒಂದೇ ಮಗು, ಆಸ್ಪತ್ರೆಯಲ್ಲಿ ತಾರೀಖು ತಪ್ಪಾಗಿ ಬರೆದಿದ್ದಾರೆ, ತಿದ್ದಿಕೊಡಿ ಎಂದು ಕೇಳುವುದು. ಸತ್ತ ಮಗುವಿನ ಸುದ್ದಿಯನ್ನೇ ಎತ್ತಬಾರದು. ಹಾಗೆ ಮಾಡಿದರೆ ಒಂದು ತಿಂಗಳೊಳಗೆ ಆಗುತ್ತದೆ. ಅದು ಸರಿಯೇ ಎಂದು ಸಾರ್ ಕೇಳಲಿಲ್ಲ. ಜೂನು ಅವರ ಕಣ್ಣ ಮುಂದಿತ್ತು. ನನ್ನ ಕಣ್ಣ ಮುಂದೆಯೂ.

ಬರೆದು ಮುಗಿಸಿ ಅವನು ಅದನ್ನು ಕನ್ನಡದಲ್ಲಿ ಅವ್ವನಿಗೆ ಹೇಳಿ, ಸಹಿ ಮಾಡಬೇಕಾದ ಜಾಗಕ್ಕೆ ಬೆರಳಿಟ್ಟ. ಅವ್ವನಿಗೆ ತನ್ನ ಹೆಸರು ಬರೆಯಲು ಬರುತ್ತದೆ. ಪೆನ್ನು ಹಿಡಿದಳು.

“ಇನ್ನೊಂದ್ ಕಿತ ಓದಿ ಸಾ. ಮೊದಲ್ನೇ ಸಾಲು.”

“ನನಗೆ ಒಂದೇ ಹೆಣ್ಣು ಮಗು.”

“ಎರಡು ಸಾ.”

“ಗೊತ್ತು ಕಣವ್ವ. ಕಾಗ್ಜುಕ್ಕೆ ಒಂದು.”

“ಎರಡು ಅಂತ ಬರೀರಿ.”

“ಎರಡು ಅಂತ ಬರುದ್ರೆ ಸತ್ತೋಗದೆ ಅಂತಾನೂ ಬರೀಬೇಕಾಯ್ತದೆ.”

“ಬರೀರಿ. ಸತ್ತೋಯ್ತು ಅಂತ ಬರೀರಿ. ಉಟ್ಟೇ ಇಲ್ಲ ಅಂತ ಬರೀಬ್ಯಾಡಿ.”

ಸಾರ್ ಅವ್ವನಿಗೆ ಬಿಡಿಸಿ ಹೇಳಲು ನೋಡಿದರು. ಹಾಸ್ಟೆಲು, ಜೂನು, ಹಿಡಿದಿಟ್ಟ ಜಾಗ. ಅವ್ವ ಎಲ್ಲವನ್ನೂ ಕೇಳಿದಳು, ಪೆನ್ನನ್ನು ಮಾತ್ರ ಮೇಜಿನ ಮೇಲೆ ಅಡ್ಡಕ್ಕೆ ಇಟ್ಟಳು. ಆಗ ನಾನು ಬಾಯಿ ತೆರೆದೆ.

“ಸೈನ್ ಆಕವ್ವ. ಅವ್ಳು ಎಂಗೂ ಸತ್ತೋಗವ್ಳೆ.”

ಅವ್ವ ನನ್ನ ಕಡೆ ನೋಡಲಿಲ್ಲ. “ಏ ಕೂಸೇ, ಬಾಯ್ಮುಚ್ಚು,” ಎಂದವನು ಮನು ಬರೆಯುವವನು. ಬರೆದ ಹಾಳೆಯನ್ನು ನಾಲ್ಕಾಗಿ ಮಡಿಸಿ ಮೇಜಿನ ಕಾಲಿನಡಿ ಸಿಕ್ಕಿಸಿ, ಹೊಸ ಹಾಳೆ ತೆಗೆದ.

ಎರಡು ವರ್ಷ ಹಿಡಿಯಿತು. ವಿಚಾರಣೆಗೆ ಬಂದವರ ಮುಂದೆ ಊರಿನ ಹೆಂಗಸರು ಹೇಳಿಕೆ ಕೊಟ್ಟರು. ಆನೆ ಬಂದು ಬಾಳೆ ತುಳಿದ ವರ್ಷ ಆ ಕೂಸು ಹೋಯಿತು ಎಂದು ಒಬ್ಬಳು, ಆನೆ ಬಾರದ ವರ್ಷ ಯಾವುದಿತ್ತು ಹೇಳು ಎಂದು ಇನ್ನೊಬ್ಬಳು. ಹಳ್ಳದ ಆಚೆ ದಡದಲ್ಲಿ ಕೂಸನ್ನು ಮಣ್ಣು ಮಾಡಿದ ಜಾಗ ಮಾತ್ರ ಎಲ್ಲರಿಗೂ ನೆನಪಿತ್ತು. ಹೊಲಕ್ಕೆ ಹೋಗುವಾಗ ಅವ್ವ ಏಕೆ ಯಾವಾಗಲೂ ಸುತ್ತು ದಾರಿ ಹಿಡಿಯುತ್ತಿದ್ದಳೆಂದು ನನಗೆ ಆ ದಿನ ತಿಳಿಯಿತು.

ಅಷ್ಟರಲ್ಲಿ ಮೊದಲನೆಯ ಜೂನು ಬಂದು ಹೋಗಿತ್ತು. ನನ್ನ ಜಾಗ ಬೇರೆ ಹುಡುಗಿಗೆ ಹೋಯಿತೆಂದು ಕೋಚ್ ಫೋನು ಮಾಡಿ ಹೇಳಿದರು ಎಂದು ಸಾರ್ ಅಂಕಣದ ಬಳಿ ಬಂದು ತಿಳಿಸಿದರು. ಆ ತಿಂಗಳು ಪೂರ್ತಿ ನಾನು ಅವ್ವನ ಜೊತೆ ಮಾತಾಡಲಿಲ್ಲ. ಅವ್ವ ಅದನ್ನು ಕೇಳಲೂ ಇಲ್ಲ. ಬೆಳಗಿನ ಅಭ್ಯಾಸಕ್ಕೆ ಮೊದಲ ಬಸ್ಸು ತಪ್ಪಬಾರದೆಂದು ದಿನವೂ ಕಾಲು ಅಲುಗಿಸಿ ಎಬ್ಬಿಸುತ್ತಿದ್ದಳು. ನಾನು ಎದ್ದು ಹೋಗುತ್ತಿದ್ದೆ. ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಎರಡು ಕಾಗದ ಒಟ್ಟಿಗೆ ಬಂದವು, ಅಕ್ಕನ ಮರಣ ಪತ್ರ ಮತ್ತು ನನ್ನ ಜನನ ಪತ್ರ. ಅಷ್ಟರಲ್ಲಿ ನನಗೆ ನಿಜವಾಗಿಯೂ ಹದಿನಾಲ್ಕು ದಾಟಿತ್ತು.

ನಮ್ಮ ಆಟಕ್ಕೆ ಎರಡು ಬಾಗಿಲು. ಒಂದರಲ್ಲಿ ಇಷ್ಟು ವಯಸ್ಸು ದಾಟಿರಬಾರದು, ಇನ್ನೊಂದರಲ್ಲಿ ಇಷ್ಟು ವಯಸ್ಸು ದಾಟಿರಲೇಬೇಕು. ಎರಡನೆಯ ಬಾಗಿಲಿಗೆ ನಾನು ಕೊಯಮತ್ತೂರಿನ ಕಾಲೇಜಿನಲ್ಲಿದ್ದಾಗ ಬಂದೆ. ಶಾಲೆಯ ತಂಡದ ಬಲದ ಮೇಲೆ ಅಲ್ಲಿ ಸೀಟು ಸಿಕ್ಕಿತ್ತು. ಮೊದಲ ವರ್ಷದ ಕೊನೆಗೆ, ಹುಡುಗಿಯರಿಗೆ ಸಂಬಳ ಕೊಟ್ಟು ಆಡಿಸುವ ಒಂದು ಹೊಸ ಕ್ಲಬ್ಬಿನವರು ನಮ್ಮ ಆಟ ನೋಡಲು ಬಂದರು. ನನ್ನೊಂದಿಗೆ ಆಡುತ್ತಿದ್ದ ಇಬ್ಬರು ಸೀನಿಯರ್‌ಗಳು ಅಂದೇ ಕರಾರಿನ ಮಾತಾಡಿದರು. ನನ್ನನ್ನೂ ಕರೆದು ವಯಸ್ಸು ಕೇಳಿದರು. ಹೇಳಿದೆ. ಮ್ಯಾನೇಜರು ಪೆನ್ನಿನ ಮುಚ್ಚಳ ಹಾಕಿದರು. “ಹದಿನೇಳಕ್ಕೆ ಅಭ್ಯಾಸಕ್ಕೆ ಬರಬಹುದು, ಕರಾರು ಮಾಡುವಂತಿಲ್ಲ. ಹದಿನೆಂಟು ತುಂಬಲಿ.”

ಹಳೆಯ ಕಾಗದವಿದ್ದಿದ್ದರೆ ಅಂದು ನನಗೆ ಹತ್ತೊಂಬತ್ತಾಗಿರುತ್ತಿತ್ತು. ಕಾಲೇಜಿನ ಹಾಸ್ಟೆಲಿಗೆ ಹಿಂದಿರುಗುವ ಬಸ್ಸಿನಲ್ಲಿ ಆ ಲೆಕ್ಕವನ್ನು ಒಂದು ಸಲ ಮಾಡಿದೆ. ಮತ್ತೆ ಮಾಡಲಿಲ್ಲ. ಎಂಟು ತಿಂಗಳು ಸಂಜೆ ಅಭ್ಯಾಸ ಮಾಡಿ, ಉಳಿದ ಹೊತ್ತು ಗ್ರಂಥಾಲಯದಲ್ಲಿ ಕೂತೆ. ಓದುವುದು ರೂಢಿಯಾದದ್ದು ಆ ಎಂಟು ತಿಂಗಳಲ್ಲೇ. ಆ ಇಬ್ಬರು ಸೀನಿಯರ್‌ಗಳಲ್ಲಿ ಒಬ್ಬಳು ಕರಾರು ಆದೊಡನೆ ಓದು ಬಿಟ್ಟು ಹೋಗಿ, ಎರಡನೆಯ ವರ್ಷ ಮಂಡಿ ಕೆಟ್ಟು ಊರಿಗೆ ಮರಳಿದಳು. ಅವಳಿಗಿಂತ ನಾನು ಜಾಣೆ ಎಂದಲ್ಲ. ನನಗೆ ಬಾಗಿಲು ತಡವಾಗಿ ತೆರೆಯಿತು, ಅಷ್ಟೇ. ನನ್ನ ಕರಾರೂ ವರ್ಷ ವರ್ಷಕ್ಕೆ ಹೊಸದಾಗಬೇಕು. ಈ ವರ್ಷದ್ದು ಇನ್ನೂ ಬಂದಿಲ್ಲ. ಎಂ.ಎ. ಮುಗಿದಿದೆ. ಇಪ್ಪತ್ತಮೂರರಲ್ಲಿ ನಾನು ತಂಡದ ಹಿರಿಯರ ಸಾಲಿನಲ್ಲಿದ್ದೇನೆ.

ಅವ್ವನ ಬಳಿ ಆ ಮರದ ಕೆಳಗೆ ಆಡಿದ ನನ್ನ ಮಾತಿನ ಬಗ್ಗೆ ನಾನು ಈವರೆಗೆ ಏನೂ ಹೇಳಿಲ್ಲ. ಹೇಳಬೇಕೆಂದು ಸರಿಯಾಗಿ ಹೊರಟದ್ದು ಒಂದೇ ಸಲ, ಮೊದಲ ಕರಾರಿಗೆ ಸಹಿ ಹಾಕಿದ ದಿನ.

ಹದಿನೆಂಟಾದ ಮೇಲೆ ಹೆತ್ತವರ ಸಹಿ ಬೇಕಿಲ್ಲ, ಬರಬೇಡ ಎಂದಿದ್ದೆ. ಅವ್ವ ಬಂದಳು. ಘಾಟಿ ಇಳಿಯುವಾಗ ಎರಡು ಸಲ ವಾಂತಿ ಮಾಡಿಕೊಂಡಿದ್ದಳು. ಕ್ಲಬ್ಬಿನ ಸಣ್ಣ ಕೋಣೆಯಲ್ಲಿ ಕುರ್ಚಿಯ ತುದಿಯಲ್ಲಿ ಕೂತಳು. ಬಾಯಿ ತೆರೆಯಬೇಕೆಂದು ನಾನು ಅವಳ ಕಡೆ ತಿರುಗುವಷ್ಟರಲ್ಲಿ, ಎದುರಿಗಿದ್ದ ಗುಮಾಸ್ತ ಜನನ ಪತ್ರ ಕೇಳಿದರು. ಅವ್ವ ಎದ್ದು ನಿಂತು ಬಟ್ಟೆಯ ಚೀಲದಿಂದ ಪ್ಲಾಸ್ಟಿಕ್ ಕವರು ತೆಗೆದು ಮೂರು ಕಾಗದಗಳನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟಳು. ಆಸ್ಪತ್ರೆಯ ಹಳೆಯ ಜನನ ಪತ್ರ, ಮಡಿಕೆಗಳಲ್ಲಿ ಹರಿದದ್ದು. ಮರಣ ಪತ್ರ. ನನ್ನದು.

ಅವರು ನನ್ನದನ್ನು ಎತ್ತಿಕೊಂಡು ಉಳಿದವನ್ನು ಬೆರಳಿನಿಂದ ಹಿಂದಕ್ಕೆ ಸರಿಸಿದರು. “ಇದೊಂದು ಸಾಕಮ್ಮ. ಅವು ಬೇಡ.”

“ಇರ್ಲಿ ಸಾ,” ಎಂದಳು ಅವ್ವ. “ಒಂದ್ ಕಿತ ನೋಡ್ಬುಡಿ.”

ಅವರಿಗೆ ಕನ್ನಡ ಅರ್ಥವಾಯಿತೋ ಇಲ್ಲವೋ ತಿಳಿಯದು. ನನ್ನ ಮುಖ ನೋಡಿದರು. ನಾನು ತಮಿಳಿನಲ್ಲಿ, “ನನ್ನ ಅಕ್ಕನವು. ಒಂದು ಸಲ ನೋಡಿ,” ಎಂದೆ.

ಅವರು ಕನ್ನಡಕ ಸರಿಮಾಡಿಕೊಂಡು ಎರಡನ್ನೂ ಮೊದಲಿನಿಂದ ಕೊನೆಯವರೆಗೆ ಓದಿದರು. ಓದುವಷ್ಟು ಹೊತ್ತೂ ಅವ್ವ ಕೈ ಕಟ್ಟಿಕೊಂಡು ನಿಂತೇ ಇದ್ದಳು.